ಮೊಮ್ಮಕ್ಕಳ ವಿಳಾಸ ಅಜ್ಜನಿಗೂ ತಿಳಿದಿರಲಿ

ಬೆಳಗಿನ ಜಾವ ನಾಲ್ಕು ಗಂಟೆ. ಪತ್ರಿಕೆಯ ಕಟ್ಟುಗಳನ್ನು ಹೊತ್ತ ವ್ಯಾನು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣಕ್ಕೆ ಬರುತ್ತದೆ. ಏಜೆಂಟರು ದೊಡ್ಡ ಕಟ್ಟನ್ನು ಬಿಚ್ಚಿ, ಸಣ್ಣ ಕಟ್ಟುಗಳನ್ನು ಮಾಡಿ ಹಳ್ಳಿ ಬಸ್ಸುಗಳಿಗೆ ಹಾಕುತ್ತಾರೆ. ಉಳಿದದ್ದನ್ನು ಸೈಕಲ್ ಹುಡುಗರಿಗೆ ಹಂಚುತ್ತಾರೆ. ಒಂದು ದಿನ ಏಜೆಂಟರು ಜ್ವರ ಬಂದು ಮಲಗಿಬಿಟ್ಟರೆ? ವ್ಯಾನಿನ ಚಾಲಕನಿಗೆ ಗೊತ್ತಿರುವುದು ಏಜೆಂಟರೊಬ್ಬರೇ. ಯಾವ ಊರಿಗೆ ಯಾವ ಬಸ್ಸು, ಯಾವ ಹುಡುಗನಿಗೆ ಎಷ್ಟು ಪ್ರತಿ ಎಂಬುದೆಲ್ಲ ಅವರ ಪುಸ್ತಕದಲ್ಲಿದೆ. ಪುಸ್ತಕ ಅವರ ಮನೆಯಲ್ಲಿದೆ.

ಕಂಪ್ಯೂಟರ್ ಜಾಲದ ಎಂಜಿನಿಯರುಗಳನ್ನು ಕಾಡಿದ್ದೂ ಇದೇ ತೊಡಕು.

ಜಾಲದಲ್ಲಿ ಮಾಹಿತಿ ‘ಪ್ಯಾಕೆಟ್’ ಎಂಬ ಪುಟ್ಟ ಪೊಟ್ಟಣಗಳಾಗಿ ಸಾಗುತ್ತದೆ. ಕವಲುದಾರಿಗಳಲ್ಲಿ ನಿಂತು ಅವನ್ನು ಮುಂದಕ್ಕೆ ಸಾಗಹಾಕುವ ಯಂತ್ರವೇ ರೂಟರ್. ಸಾಮಾನ್ಯವಾಗಿ ಒಂದು ಪೊಟ್ಟಣಕ್ಕೆ ಒಬ್ಬನೇ ವಾರಸುದಾರ. ಆದರೆ ಒಂದೇ ಟೀವಿ ಚಾನೆಲ್ಲನ್ನು ಜಾಲದ ಮೂಲಕ ಸಾವಿರ ಮನೆಗಳು ನೋಡುತ್ತಿವೆ ಎನ್ನಿ. ಚಾನೆಲ್ಲಿಗೆ ಸೆಕೆಂಡಿಗೆ 80 ಲಕ್ಷ ಬಿಟ್ ಬೇಕಾದರೆ, ಮನೆಗೊಂದು ಪ್ರತಿಯಂತೆ ಕಳಿಸಲು 800 ಕೋಟಿ ಬಿಟ್ ಬೇಕು. ಮೂಲದಿಂದ ಒಂದೇ ಪ್ರತಿ ಹೊರಟು, ಕವಲಿದ್ದಲ್ಲಿ ಮಾತ್ರ ಎರಡಾದರೆ 80 ಲಕ್ಷವೇ ಸಾಕು. ಇದೇ ‘ಮಲ್ಟಿಕಾಸ್ಟ್’, ಅಂದರೆ ಗುಂಪು ಪ್ರಸಾರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡೀರಿಂಗ್ 1989ರಲ್ಲಿ ಇದರ ನಿಯಮಗಳನ್ನು ಬರೆದಿಟ್ಟರು. 1992ರ ಮಾರ್ಚ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆದ ಎಂಜಿನಿಯರುಗಳ ಸಭೆಯ ಧ್ವನಿ ಈ ವಿಧಾನದಿಂದ ಇಪ್ಪತ್ತು ತಾಣಗಳಿಗೆ ಹರಿಯಿತು. ಇಂದು ಟೆಲಿಫೋನ್ ಕಂಪನಿಗಳು ಜಾಲದ ಮೂಲಕ ಕೊಡುವ ಟೀವಿ, ಷೇರುಪೇಟೆಯ ಕ್ಷಣಕ್ಷಣದ ಬೆಲೆಪಟ್ಟಿ ಹೀಗೆಯೇ ಹರಿಯುತ್ತವೆ.

ಹರಿಯುವ ದಾರಿ ಒಂದು ಮರದಂತೆ. ಆದರೆ ಈ ಮರ ಬೆಳೆಯುವುದು ಎಲೆಯಿಂದ ಬೇರಿನ ಕಡೆಗೆ! ನೋಡುಗರ ಬಳಿಯ ರೂಟರ್ ‘ನನಗೂ ಒಂದು ಪ್ರತಿ’ ಎಂದು ಮೇಲಿನದನ್ನು ಕೇಳುತ್ತದೆ. ಅದು ತನ್ನ ಮೇಲಿನದನ್ನು. ಹೀಗಾಗಿ ಪ್ರತಿಯೊಂದು ರೂಟರಿಗೂ ತನ್ನ ತಂದೆ ಗೊತ್ತು, ಮಕ್ಕಳು ಗೊತ್ತು. ಮೊಮ್ಮಕ್ಕಳು ಗೊತ್ತಿಲ್ಲ.

ನೆರೆಯವರು ಬದುಕಿದ್ದಾರೆಯೇ ಎಂದು ತಿಳಿಯಲು ರೂಟರುಗಳು ಪರಸ್ಪರ ‘ಹಲೋ’ ಸಂದೇಶ ಕಳಿಸುತ್ತಿರುತ್ತವೆ. ಮಲ್ಟಿಕಾಸ್ಟ್‌ನಲ್ಲಿ ಬಹುವಾಗಿ ಬಳಕೆಯಲ್ಲಿರುವ ‘ಪಿಮ್’ ಪದ್ಧತಿಯಲ್ಲಿ ವಾಡಿಕೆಯಂತೆ 30 ಸೆಕೆಂಡಿಗೊಂದು ಹಲೋ. 105 ಸೆಕೆಂಡು ಸದ್ದಿಲ್ಲದಿದ್ದರೆ ನೆರೆಯವನು ಇಲ್ಲವೆಂದು ತೀರ್ಮಾನ. ಅಷ್ಟರಲ್ಲಿ ಆ ಒಂದು ಚಾನೆಲ್ಲಿನದೇ ಸುಮಾರು 80 ಸಾವಿರ ಪೊಟ್ಟಣಗಳು ಮಣ್ಣುಪಾಲು. ಕಳೆದದ್ದನ್ನು ಮತ್ತೆ ಕಳಿಸುವ ಏರ್ಪಾಟೂ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ 2010ರಲ್ಲಿ ಪ್ರಮಾಣೀಕೃತವಾದ ‘ಬಿಎಫ್‌ಡಿ’ ಎಂಬ ಚುರುಕು ನಾಡಿಪರೀಕ್ಷೆ ನೆರವಿಗೆ ಬಂತು. 10 ಮಿಲಿಸೆಕೆಂಡಿಗೊಂದು ಮಿಡಿತ, ಮೂರು ತಪ್ಪಿದರೆ ಗಂಟೆ ಬಾರಿಸು! ಟೆಲಿಫೋನ್ ಜಾಲಗಳ ಕಾಲದಿಂದ ಬಂದ ಗುರಿಯಂತೆ 50 ಮಿಲಿಸೆಕೆಂಡಿನೊಳಗೆ ಪ್ರವಾಹ ಬೇರೆ ದಾರಿ ಹಿಡಿಯಬೇಕು.

ಸಾವಿನ ಸುದ್ದಿ ಬೇಗ ತಿಳಿದರೆ ಸಾಲದು, ಮುಂದೇನು? ಮಾಮೂಲಿ ಪೊಟ್ಟಣದ ಮೇಲೆ ಸೇರಬೇಕಾದ ಮನೆಯ ವಿಳಾಸವಿರುತ್ತದೆ. ಬಳಸುದಾರಿಯಲ್ಲಿ ಕಳಿಸಿದರೂ ತಲುಪುತ್ತದೆ. ಗುಂಪು ಪ್ರಸಾರದ ಪೊಟ್ಟಣದ ಮೇಲೆ ಇರುವುದು ಗುಂಪಿನ ಹೆಸರು ಮಾತ್ರ. ಆ ಗುಂಪಿನವರು ಎಲ್ಲಿದ್ದಾರೆಂದು ಬಲ್ಲದ್ದು ನಡುವಿನ ರೂಟರ್. ಅದು ಸತ್ತಾಗ ಅದರ ಪುಸ್ತಕವೂ ಅದರೊಂದಿಗೇ ಹೋಗುತ್ತದೆ.

ಉಪಾಯ ಎಂದರೆ ಆರೋಗ್ಯವಾಗಿರುವಾಗಲೇ ಹೇಳಿಡುವುದು. 2016ರಲ್ಲಿ ಪ್ರಕಟವಾದ ಒಂದು ಇಂಟರ್ನೆಟ್ ನಿಯಮಾವಳಿ, ಲೇಬಲ್ ಅಂಟಿಸಿ ಪೊಟ್ಟಣ ಸಾಗಿಸುವ ‘ಎಂಪಿಎಲ್‌ಎಸ್’ ಜಾಲಗಳಿಗೆ ಇದನ್ನೇ ವಿಧಿಸಿತು. ನಡುವಿನ ರೂಟರ್ ತನ್ನ ಮಕ್ಕಳಿಗೆ ಅಜ್ಜನ ವಿಳಾಸ ಕೊಡುತ್ತದೆ. ಮಕ್ಕಳು ಅಜ್ಜನೊಂದಿಗೆ ನೇರವಾಗಿ ಸಂಪರ್ಕ ಬೆಳೆಸಿ, ‘ತಂದೆ ಇಲ್ಲವಾದರೆ ನಮಗೆ ಈ ಲೇಬಲ್ ಹಚ್ಚಿ ಕಳಿಸು’ ಎಂದು ತಿಳಿಸಿಡುತ್ತವೆ. ತಂದೆಯನ್ನು ಬಳಸಿ ಹೋಗುವ ದಾರಿಯೂ ಮೊದಲೇ ಸಿದ್ಧವಾಗಿರುತ್ತದೆ.

2015ರ ಇನ್ನೊಂದು ನಿಯಮಾವಳಿಯದು ಸರಳ ಮಾರ್ಗ: ಕೆಳಗಿನ ರೂಟರ್ ಎರಡು ಕಡೆಯಿಂದ ಪ್ರತಿ ತರಿಸಿಕೊಂಡು ಒಂದನ್ನು ಎಸೆಯುತ್ತಿರುತ್ತದೆ, ಒಂದು ನಿಂತರೆ ಇನ್ನೊಂದನ್ನು ಹಿಡಿಯುತ್ತದೆ. ಅಜ್ಜನ ಹಂಗಿಲ್ಲ. ಆದರೆ ದಿನವೂ ಎರಡು ಪತ್ರಿಕೆಯ ಖರ್ಚು.

ಒಂದು ತೊಡಕು ಉಳಿದೇ ಇದೆ. ಮಿಡಿತ ನಿಂತದ್ದು ನೆರೆಯವನು ಸತ್ತದ್ದರಿಂದಲೋ, ನಡುವಿನ ತಂತಿ ಕಡಿದದ್ದರಿಂದಲೋ? ಇತ್ತ ನಿಂತ ರೂಟರಿಗೆ ಎರಡೂ ಒಂದೇ ಮೌನ. ತಂತಿ ಮಾತ್ರ ಕಡಿದಿದ್ದರೆ, ಬದುಕಿರುವ ತಂದೆಯೂ ಬೇರೆ ದಾರಿಯಿಂದ ತರಿಸಿ ಕಳಿಸಬಹುದು, ಅಜ್ಜನೂ ಕಳಿಸಬಹುದು. ಆಗ ಮಕ್ಕಳು ಒಂದನ್ನೇ ಆಯ್ದುಕೊಳ್ಳಬೇಕು. ಎರಡು ಪ್ರತಿ ಬಂದರೆ ಒಂದನ್ನು ಬಿಸಾಡಬಹುದು; ಬಾರದೇ ಹೋದದ್ದನ್ನು ಓದುವಂತಿಲ್ಲ.

ಏಜೆಂಟರ ಪುಸ್ತಕದ ಒಂದು ನಕಲು ವ್ಯಾನಿನ ಚಾಲಕನ ಬಳಿಯೂ ಇದ್ದರೆ ಊರಿಗೆ ಪತ್ರಿಕೆ ತಪ್ಪುವುದಿಲ್ಲ. ಆದರೆ ನಕಲು ಮಾಡಿಸಬೇಕಾದ್ದು ಜ್ವರ ಬರುವ ಮೊದಲು.