ಬಡಿಸುವ ಸೌಟು ಯಾರ ಕೈಯಲ್ಲಿ?

ಭಾನುವಾರ ಬೆಂಗಳೂರಿನ ಯಾವುದಾದರೊಂದು ದೊಡ್ಡ ದೇವಾಲಯದ ಅಂಗಳದಲ್ಲಿ ಒಂದು ತಾಸು ನಿಂತರೆ ಸಾಕು, ಈ ನಗರದ ಚರಿತ್ರೆಯೇ ನಮ್ಮ ಕಣ್ಣೆದುರು ಹಾದುಹೋಗುತ್ತದೆ. ತಮಿಳು ಪೂಜೆ ಮುಗಿಸಿ ಹೊರಬರುವವರು ಕನ್ನಡ ಪೂಜೆಗೆ ಒಳಹೋಗುವವರಿಗೆ ದಾರಿ ಬಿಡುತ್ತಾರೆ. ಕನ್ನಡದವರು ಹೊರಬರುವ ಹೊತ್ತಿಗೆ ಇಂಗ್ಲಿಷ್ ಪೂಜೆಯ ಗಾಯನವೃಂದ ಸಿದ್ಧವಾಗಿರುತ್ತದೆ. ಇವರೆಲ್ಲರ ನಡುವೆ, ಕೊನೆಯ ಬೆಂಚಿನ ಹಿಂದೆ ಕೆಲವು ಯುವಕ ಯುವತಿಯರು ನಿಂತಿರುತ್ತಾರೆ. ಅವರು ಜಾರ್ಖಂಡ್, ಒಡಿಶಾ, ಅಸ್ಸಾಂ, ಮೇಘಾಲಯ, ಮಣಿಪುರಗಳಿಂದ ಬಂದವರು. ಶಿಲುಬೆಯ ಗುರುತು ಹಾಕುತ್ತಾರೆ, ಸರಿಯಾದ ಸಮಯಕ್ಕೆ ಮೊಣಕಾಲೂರುತ್ತಾರೆ, ಪರಮಪ್ರಸಾದ ಸ್ವೀಕರಿಸುತ್ತಾರೆ. ಪೂಜೆ ಮುಗಿದೊಡನೆ ಯಾರೊಡನೆಯೂ ಮಾತನಾಡದೆ ಹೊರಟುಹೋಗುತ್ತಾರೆ. ಅವರ ಹೆಸರನ್ನು ನಾವು ಕೇಳಿಲ್ಲ. ನಮ್ಮ ಹೆಸರನ್ನು ಅವರಿಗೆ ಹೇಳಿಲ್ಲ.

ಧರ್ಮಕೇಂದ್ರದ ಜನ ಬದಲಾಗುತ್ತಿದ್ದಾರೆ ಎಂಬ ಮಾತು ಈಗ ಪಾಲನಾ ಪರಿಷತ್ತಿನ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕೆಲವರು ಇದನ್ನು ಆತಂಕದಿಂದ ಹೇಳುತ್ತಾರೆ, ಕೆಲವರು ದೂರಿನಂತೆ ಹೇಳುತ್ತಾರೆ. ಈ ಬದಲಾವಣೆಯನ್ನು ನಾವು ಹೇಗೆ ಎದುರುಗೊಳ್ಳಬೇಕು ಎಂಬುದು ಈ ವಾರದ ಚಿಂತನೆ.

ನಾವೆಲ್ಲರೂ ಒಮ್ಮೆ ಹೊಸಬರು

ಮೊದಲಿಗೆ ಒಂದು ಸತ್ಯವನ್ನು ಒಪ್ಪಿಕೊಳ್ಳೋಣ. ಬೆಂಗಳೂರಿನ ಹಳೆಯ ಧರ್ಮಕೇಂದ್ರಗಳಲ್ಲಿ ವಲಸೆಯ ಗುರುತಿಲ್ಲದ ಧರ್ಮಕೇಂದ್ರವನ್ನು ಕಾಣುವುದು ಕಷ್ಟ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಮೂಲವು ಸೆಂಜಿಯ ಕಡೆಯಿಂದ ಬಂದ ತಮಿಳು ಕ್ರೈಸ್ತರು ಕಟ್ಟಿಕೊಂಡ ಹುಲ್ಲುಮಾಡಿನ ಪ್ರಾರ್ಥನಾಮಂದಿರ ಎನ್ನುತ್ತದೆ ಚರಿತ್ರೆ. ಇಂದು ನಾವು ಕಾಣುವ ಗೋಥಿಕ್ ಶೈಲಿಯ ದೇವಾಲಯ 1882ರಲ್ಲಿ ಪೂರ್ಣಗೊಂಡಿತು. 1974ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ದೊರೆಯಿತು. 1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದಿಂದ ಬೆಂಗಳೂರಿನ ದಂಡಿಗೆ ಸ್ಥಳಾಂತರಗೊಂಡಾಗ ಅದರ ಬೆನ್ನಿಗೆ ಸೈನಿಕರು, ಅಡುಗೆಯವರು, ಕಲ್ಲುಕುಟಿಗರು, ವ್ಯಾಪಾರಿಗಳು ಬಂದರು. ಆ ಸೈನ್ಯದಲ್ಲಿದ್ದ ಐರಿಷ್ ಕಥೋಲಿಕರಿಗಾಗಿ ಎದ್ದ ದೇವಾಲಯವೇ ಸಂತ ಪ್ಯಾಟ್ರಿಕರದು. ಐರಿಷ್ ಸೈನಿಕರು ಹೋದರು, ದೇವಾಲಯ ಉಳಿಯಿತು, ಹೆಸರೂ ಉಳಿಯಿತು. ಅಲ್ಲಿ ಈಗ ಮೊಣಕಾಲೂರುವವರು ಬೇರೆ ಜನ.

ಸ್ವಾತಂತ್ರ್ಯದ ಆಚೀಚಿನ ವರ್ಷಗಳಲ್ಲಿ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳು ಮಂಗಳೂರಿನ ಕೊಂಕಣಿಗರನ್ನೂ ಕೇರಳದ ಮಲಯಾಳಿಗಳನ್ನೂ ಕರೆತಂದವು. 2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದಾಗ ಅಲ್ಲಿನ ತಮಿಳು ಕುಟುಂಬಗಳ ಮಕ್ಕಳು ಕೆಲಸ ಹುಡುಕಿ ರೈಲು ಹತ್ತಿ ಇಲ್ಲಿಗೆ ಬಂದರು. ಕೊಂಕಣಿ ಮಾತನಾಡುವ ನಮ್ಮ ಬಾಂಧವರ ಪೂರ್ವಜರಂತೂ ಗೋವೆಯಿಂದ ಕರಾವಳಿಗೆ ಬಂದವರು. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯ ಕಷ್ಟವನ್ನುಂಡವರು. ಪರವೂರಿನಲ್ಲಿ ನೆಲೆ ತಪ್ಪುವುದೆಂದರೇನು ಎಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಈ ನೆಲದ ಕನ್ನಡ ಕ್ರೈಸ್ತರ ಪರಂಪರೆಯೂ ಚಿಕ್ಕದಲ್ಲ. ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶ ಬರೆದರು. ಹೊರಗಿನಿಂದ ಬಂದ ಆ ಗುರು ಮೊದಲು ಮಾಡಿದ ಕೆಲಸ ಇಲ್ಲಿನ ಜನರ ಮಾತನ್ನು ಕಲಿತದ್ದು. ಇದನ್ನು ನೆನಪಿಡೋಣ, ಮುಂದೆ ಬೇಕಾಗುತ್ತದೆ.

ಮಾಗದ ಗಾಯ

ಬೆಂಗಳೂರು ಧರ್ಮಪ್ರಾಂತ್ಯ 1940ರಲ್ಲಿ ಸ್ಥಾಪನೆಯಾಗಿ 1953ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು. ಆಗ ಪೂಜೆಯ ಭಾಷೆ ಲತೀನ್. ಎಲ್ಲರಿಗೂ ಸಮಾನವಾಗಿ ಅರ್ಥವಾಗದ ಭಾಷೆಯಾದುದರಿಂದ ಯಾರಿಗೂ ಜಗಳವಿರಲಿಲ್ಲ ಎಂದು ಹಿರಿಯರು ತಮಾಷೆಯಾಗಿ ಹೇಳುವುದುಂಟು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜಾವಿಧಿಗೆ ಜನಭಾಷೆಯ ಬಾಗಿಲು ತೆರೆಯಿತು. ಆ ವರದ ಜೊತೆಗೆ ಒಂದು ಪ್ರಶ್ನೆಯೂ ಒಳಬಂದಿತು: ಯಾವ ಜನರ ಭಾಷೆ?

ಕರ್ನಾಟಕದ ರಾಜಧಾನಿಯಲ್ಲಿ ಕನ್ನಡ ಪೂಜೆಗಾಗಿ ಕನ್ನಡ ಕ್ರೈಸ್ತರು ಕೇಳಿಕೊಳ್ಳಬೇಕಾಯಿತು, ಕೆಲವೊಮ್ಮೆ ಹೋರಾಡಬೇಕಾಯಿತು. ಆ ನೋವು ನ್ಯಾಯವಾದುದು. ಇತ್ತ ತಲೆಮಾರುಗಳಿಂದ ತಾವು ಕಾಣಿಕೆ ಕೂಡಿಸಿ ಕಟ್ಟಿದ ದೇವಾಲಯದಲ್ಲಿ ತಮ್ಮ ಪ್ರಾರ್ಥನೆಗೆ ಜಾಗ ಕುಗ್ಗುತ್ತದೆಯೇ ಎಂಬ ತಮಿಳು ಬಾಂಧವರ ಅಂಜಿಕೆಯೂ ಸುಳ್ಳಾಗಿರಲಿಲ್ಲ. ಎರಡು ನಿಜವಾದ ನೋವುಗಳು ಒಂದನ್ನೊಂದು ಕೇಳಿಸಿಕೊಳ್ಳದೆ ಹೋದಾಗ ಏನಾಗುತ್ತದೆ ಎಂಬುದನ್ನು ನಾವು ದಶಕಗಳ ಕಾಲ ಕಂಡಿದ್ದೇವೆ. ಒಂದೇ ಬಲಿಪೀಠದಿಂದ ಪರಮಪ್ರಸಾದ ಸ್ವೀಕರಿಸಿದವರು ಅಂಗಳದಲ್ಲಿ ಮುಖ ತಿರುಗಿಸಿದ್ದಾರೆ. ಆ ಗಾಯ ಇನ್ನೂ ಪೂರ್ತಿ ಮಾಗಿಲ್ಲ.

ಮಲಯಾಳಿ ಬಾಂಧವರ ವಿಷಯ ಬೇರೆ ರೀತಿಯಲ್ಲಿ ಇತ್ಯರ್ಥವಾಯಿತು. ಸಿರೋ ಮಲಬಾರ್ ವಿಧಿಯ ಮಂಡ್ಯ ಧರ್ಮಪ್ರಾಂತ್ಯ 2010ರಲ್ಲಿ ಸ್ಥಾಪನೆಯಾಯಿತು. 2015ರಲ್ಲಿ ಅದರ ವ್ಯಾಪ್ತಿ ಬೆಂಗಳೂರಿಗೂ ವಿಸ್ತರಿಸಿತು. ಅವರಿಗೆ ತಮ್ಮದೇ ವಿಧಿ, ತಮ್ಮದೇ ಗುರುಗಳು, ತಮ್ಮದೇ ಧರ್ಮಕೇಂದ್ರಗಳು ದೊರೆತವು. ಅದು ಅವರ ಹಕ್ಕು. ಆದರೆ ಒಂದು ವಿಧಿಗೆ ಇರುವ ಈ ದಾರಿ ಪ್ರತಿಯೊಂದು ಭಾಷೆಗೂ ಇರಲಾರದು. ಜಾರ್ಖಂಡಿನಿಂದ ಬಂದ ಗಾರೆ ಕೆಲಸದವನೂ ಮಂಗಳೂರಿನಿಂದ ಬಂದ ಇಂಜಿನಿಯರನೂ ಒಂದೇ ಲತೀನ್ ವಿಧಿಯವರು, ಒಂದೇ ಧರ್ಮಕೇಂದ್ರದವರು. ಅವರು ಜೊತೆಯಾಗಿಯೇ ಬಾಳಬೇಕು.

ಕೊನೆಯ ಬೆಂಚಿನ ಹಿಂದೆ ನಿಂತವರು

ಯಾರು ಇವರು? ಬೆಲ್ಜಿಯಂನ ಕಾನ್‌ಸ್ಟಂಟ್ ಲೀವೆನ್ಸ್ ಸ್ವಾಮಿಗಳು 1885ರಲ್ಲಿ ಛೋಟಾನಾಗಪುರಕ್ಕೆ ಬಂದು, ಭೂಮಿ ಕಳೆದುಕೊಳ್ಳುತ್ತಿದ್ದ ಆದಿವಾಸಿಗಳ ಪರವಾಗಿ ನಿಂತ ಕಾಲದಿಂದ ಕಥೋಲಿಕ ವಿಶ್ವಾಸವನ್ನು ಕಾಪಾಡಿಕೊಂಡು ಬಂದ ಉರಾಂವ್, ಮುಂಡಾ, ಖಡಿಯಾ ಜನರ ಮಕ್ಕಳು ಇವರು. ಆ ಜನಾಂಗದಿಂದಲೇ ಬಂದ ತೆಲೆಸ್ಫೋರ್ ತೊಪ್ಪೊ ಅವರು 2003ರಲ್ಲಿ ಕಾರ್ಡಿನಲ್ ಪದವಿಗೇರಿದರು. ಉರಾಂವರ ಕುಡುಖ್ ಭಾಷೆ ಕನ್ನಡದಂತೆಯೇ ದ್ರಾವಿಡ ಕುಟುಂಬಕ್ಕೆ ಸೇರಿದ್ದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ದೂರದವರೆಂದು ನಾವು ಬಗೆದವರು ಭಾಷೆಯ ಲೆಕ್ಕದಲ್ಲಿ ದಾಯಾದಿಗಳು!

ಇನ್ನು ಕೆಲವರು 2008ರಲ್ಲಿ ಒಡಿಶಾದ ಕಂಧಮಾಲಿನಲ್ಲಿ ಕ್ರೈಸ್ತರ ಮೇಲೆ ನಡೆದ ಹಿಂಸೆಯ ಬಳಿಕ ಮನೆ ಬಿಟ್ಟವರು. ಕೆಲವರು 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಹೊತ್ತಿದ ಬೆಂಕಿಯಿಂದ ತಪ್ಪಿಸಿಕೊಂಡು ಬಂದವರು. ಹೆಚ್ಚಿನವರು ಕೇವಲ ಹೊಟ್ಟೆಪಾಡಿಗಾಗಿ ಬಂದವರು. ನಮ್ಮ ಬಹುಮಹಡಿ ಕಟ್ಟಡಗಳನ್ನು ಕಟ್ಟುವವರು, ಕಾವಲು ಕಾಯುವವರು, ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು, ನಮ್ಮ ಆಸ್ಪತ್ರೆಗಳಲ್ಲಿ ರೋಗಿಗಳ ಹಾಸಿಗೆ ಬದಲಿಸುವವರು ಇವರೇ.

ಇವರು ನಮ್ಮ ನಡುವೆ ಇದ್ದಾರೆಂಬುದು ನಮಗೆ ತಿಳಿದದ್ದು ಇವರು ಹೊರಟಾಗ. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. 2020ರ ಲಾಕ್‌ಡೌನ್ ಕಾಲದಲ್ಲಿ ಗಂಟು ಮೂಟೆ ಹೊತ್ತ ಕುಟುಂಬಗಳು ಹೆದ್ದಾರಿಯಲ್ಲಿ ನಡೆದವು. ಅವರಲ್ಲಿ ಎಷ್ಟು ಮಂದಿ ನಮ್ಮ ಧರ್ಮಕೇಂದ್ರಗಳ ಗಡಿಯೊಳಗೇ ವಾಸವಾಗಿದ್ದ ಕಥೋಲಿಕರು? ಉತ್ತರಿಸಲು ನಮ್ಮಲ್ಲಿ ಪಟ್ಟಿಯಿರಲಿಲ್ಲ. ತನ್ನ ಕುರಿಗಳ ಹೆಸರು ಬಲ್ಲ ಕುರುಬನ ಸಾಮತಿಯನ್ನು ಪ್ರತಿವರ್ಷ ಪೀಠದಿಂದ ಕೇಳುವ ನಾವು ಹೆಸರನ್ನೇ ಬರೆದುಕೊಂಡಿರಲಿಲ್ಲ.

ವೇಳಾಪಟ್ಟಿ ಮಾತ್ರ ಸಾಲದು

ಹೊಸ ಜನ ಬಂದಾಗ ನಾವು ಸಾಮಾನ್ಯವಾಗಿ ಮಾಡುವುದು ಒಂದೇ: ಅವರ ಭಾಷೆಯಲ್ಲಿ ಒಂದು ಪೂಜೆ ಏರ್ಪಡಿಸುವುದು. ಇದು ಒಳ್ಳೆಯದೇ. ಮನುಷ್ಯ ಅಳುವುದು, ಪಾಪನಿವೇದನೆ ಮಾಡುವುದು, ಸತ್ತವರಿಗಾಗಿ ಪ್ರಾರ್ಥಿಸುವುದು ತಾಯಿಯ ಮಾತಿನಲ್ಲಿ. ಅದನ್ನು ಕಸಿಯುವ ಅಧಿಕಾರ ಯಾರಿಗೂ ಇಲ್ಲ. 1952ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರು, ಈಜಿಪ್ಟಿಗೆ ವಲಸೆ ಹೋದ ನಜರೇತಿನ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗರ ಮಾದರಿಯೆಂದು ಕರೆದು, ಅವರ ಆತ್ಮಪಾಲನೆ ಧರ್ಮಸಭೆಯ ಹೊಣೆಯೆಂದು ಸಾರಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ ಧರ್ಮಕೇಂದ್ರ ಸಾಮಾನ್ಯವಾಗಿ ಭೂಪ್ರದೇಶಕ್ಕೆ ಸೇರಿದ್ದೆಂದು ಹೇಳಿ, ಅಗತ್ಯವಿದ್ದಲ್ಲಿ ಭಾಷೆ ಅಥವಾ ಜನಾಂಗದ ಆಧಾರದ ಮೇಲೆ ಧರ್ಮಕೇಂದ್ರ ರಚಿಸಲು ಅವಕಾಶ ನೀಡಿದೆ.

ಆದರೆ ಪೂಜೆಯ ವೇಳಾಪಟ್ಟಿಯಲ್ಲಿ ಒಂದು ಸಾಲು ಸೇರಿಸಿದೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದರೆ ಅಲ್ಲಿ ತಪ್ಪಿದೆವು. ಒಂದೇ ಸೂರಿನಡಿ ನಾಲ್ಕು ಸಭೆಗಳು ನಾಲ್ಕು ವೇಳೆಯಲ್ಲಿ ಬಂದುಹೋಗುವುದಾದರೆ ಅದು ಛತ್ರ, ಕುಟುಂಬವಲ್ಲ.

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಜೆರುಸಲೇಮಿನ ಮೊದಲ ಸಭೆಯಲ್ಲೇ ಭಾಷೆಯ ತಕರಾರು ಎದ್ದಿತು. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವವರು ದೂರಿದರು. ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ. ಅವರಿಗೆ ಪ್ರತ್ಯೇಕ ಪಂಕ್ತಿಯನ್ನೂ ಹಾಕಲಿಲ್ಲ. ಬಡಿಸುವ ಕೆಲಸಕ್ಕೆ ಏಳು ಮಂದಿಯನ್ನು ಆರಿಸುವಂತೆ ಸಭೆಗೆ ಹೇಳಿದರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ! ಅವರಲ್ಲೊಬ್ಬನಂತೂ ಅಂತಿಯೋಕ್ಯದಿಂದ ಬಂದು ಯೆಹೂದ್ಯ ಧರ್ಮಕ್ಕೆ ಸೇರಿದ್ದ ಪರಸ್ಥಳದವನು. ದೂರಿದವರ ಕೈಗೇ ಎಲ್ಲರಿಗೂ ಬಡಿಸುವ ಸೌಟು ಬಂತು.

ಬಡಿಸುವವನು ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕುಳಿತರೇನು ಎಂಬ ಗಾದೆ ನಮಗೆಲ್ಲ ಗೊತ್ತು. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಪಂಕ್ತಿಯ ಕೊನೆಯಲ್ಲಿ ಕುಳಿತವರ ಕಡೆಯವನು ಬಡಿಸುವವರಲ್ಲಿ ಒಬ್ಬನೂ ಇಲ್ಲ.

ಏನು ಮಾಡಬಹುದು?

ಮೊದಲನೆಯದು, ಹೆಸರು. ಪ್ರತಿ ಕಿರು ಕ್ರೈಸ್ತ ಸಮುದಾಯವೂ ತನ್ನ ಬೀದಿಯ ಬಾಡಿಗೆ ಕೋಣೆಗಳನ್ನೂ ಕಟ್ಟಡ ಕಾರ್ಮಿಕರ ಶೆಡ್ಡುಗಳನ್ನೂ ಭೇಟಿಮಾಡಿ ಅಲ್ಲಿನ ಕಥೋಲಿಕರನ್ನು ಗುರುತಿಸಲಿ. ಜ್ಞಾನಸ್ನಾನದ ಪತ್ರ ಊರಲ್ಲೇ ಬಿಟ್ಟು ಬಂದವರಿಗೆ ಅದನ್ನು ತರಿಸಿಕೊಡುವುದು ಧರ್ಮಕೇಂದ್ರದ ಕಚೇರಿಗೆ ಒಂದು ಪತ್ರದ ಕೆಲಸ. ಮದುವೆಯಾಗಬೇಕಾದ ಯುವಕನಿಗೆ ಅದು ಬಾಳಿನ ಪ್ರಶ್ನೆ.

ಎರಡನೆಯದು, ರಜೆ. ನಮ್ಮ ಮನೆಯಲ್ಲಿ ದುಡಿಯುವ ಹೆಣ್ಣುಮಗಳು ಭಾನುವಾರ ಪೂಜೆಗೆ ಹೋಗಲು ನಾವು ಬಿಡುತ್ತೇವೆಯೇ? ನಾವು ದೇವಾಲಯದಲ್ಲಿರುವಾಗ ನಮ್ಮ ಒಲೆಯ ಮುಂದೆ ನಿಲ್ಲುವ ಅವಳೂ ಕಥೋಲಿಕಳೇ ಆಗಿದ್ದರೆ, ನಮ್ಮ ಭಕ್ತಿಗೆ ಬೆಲೆ ತೆರುವವಳು ಅವಳು.

ಮೂರನೆಯದು, ಪಾಲು. ಪಾಲನಾ ಪರಿಷತ್ತಿನಲ್ಲಿ, ವಾಚಕರಲ್ಲಿ, ಗಾಯನವೃಂದದಲ್ಲಿ, ಹಬ್ಬದ ಸಮಿತಿಯಲ್ಲಿ ಹೊಸಬರಿಗೆ ಸ್ಥಾನವಿರಲಿ. ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಕುಣಿಸಿ ಚಪ್ಪಾಳೆ ತಟ್ಟುವುದು ಪಾಲಲ್ಲ. ಲೆಕ್ಕಪತ್ರ ನೋಡುವ, ತೀರ್ಮಾನಕ್ಕೆ ಕೈಯೆತ್ತುವ ಹಕ್ಕು ಪಾಲು. ಅವರಲ್ಲೊಬ್ಬನು ಈ ಊರಲ್ಲಿ ಸತ್ತರೆ ನಮ್ಮ ಸಮಾಧಿಭೂಮಿಯಲ್ಲಿ ಆರಡಿ ನೆಲವೂ, ಶವಪೆಟ್ಟಿಗೆಗೆ ಹೆಗಲು ಕೊಡುವ ನಾಲ್ಕು ಮಂದಿಯೂ ದೊರೆಯಬೇಕು.

ನಾಲ್ಕನೆಯದು, ಕನ್ನಡ. ಇಲ್ಲಿ ನಾವು ಸ್ಪಷ್ಟವಾಗಿ ಮಾತನಾಡಬೇಕು. 2011ರ ಜನಗಣತಿಯ ಪ್ರಕಾರ ಬೆಂಗಳೂರು ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಅರ್ಧಕ್ಕಿಂತ ಕಡಿಮೆ. ಆದಕಾರಣ ಕನ್ನಡದ ಬಗೆಗಿನ ಆತಂಕವನ್ನು ಸಂಕುಚಿತತನವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಹೊಸಬನ ಪ್ರಾರ್ಥನೆಯನ್ನು ನಿಲ್ಲಿಸಿ ಕನ್ನಡ ಬೆಳೆಯುವುದಿಲ್ಲ, ಹೊಸಬನ ಮಗುವಿಗೆ ಕನ್ನಡ ಕಲಿಸಿದರೆ ಬೆಳೆಯುತ್ತದೆ. ಪ್ರತಿ ಧರ್ಮಕೇಂದ್ರವೂ ಭಾನುವಾರ ಸಂಜೆ ಒಂದು ಕನ್ನಡ ತರಗತಿ ನಡೆಸಲಿ. ಆಸ್ಪತ್ರೆಯಲ್ಲಿ, ಪಡಿತರದ ಅಂಗಡಿಯಲ್ಲಿ, ಪೊಲೀಸ್ ಠಾಣೆಯಲ್ಲಿ ಅವರ ಬಾಯಿಗೆ ಮಾತು ಕೊಡುವುದು ಕನ್ನಡವೇ. ಇಲ್ಲಿ ನೆಲೆಸಲು ಬಂದವರೂ ಚಿನ್ನಾಮಿ ಸ್ವಾಮಿಗಳ ದಾರಿಯನ್ನು ಮರೆಯದಿರಲಿ: ಈ ನೆಲದ ಮಾತನ್ನು ಕಲಿಯುವುದು ಸೋಲಲ್ಲ, ಪ್ರೀತಿ. ಪ್ರಾರ್ಥನೆ ತಾಯಿಯ ಮಾತಿನಲ್ಲಿರಲಿ, ನೆರೆಹೊರೆ ಕನ್ನಡದಲ್ಲಿರಲಿ. ಒಂದು ಇನ್ನೊಂದರ ಶತ್ರುವಲ್ಲ.

ಜಗದ್ಗುರು ಫ್ರಾನ್ಸಿಸರು ತಮ್ಮ ಕಾಲದಲ್ಲಿ ವಲಸಿಗರ ಬಗ್ಗೆ ನಾಲ್ಕು ಕ್ರಿಯೆಗಳನ್ನು ಹೇಳಿದರು: ಬರಮಾಡಿಕೊಳ್ಳುವುದು, ಕಾಪಾಡುವುದು, ಏಳಿಗೆಗೆ ನೆರವಾಗುವುದು, ಒಂದಾಗಿಸಿಕೊಳ್ಳುವುದು. ಮೊದಲನೆಯದರಲ್ಲಿ ನಾವು ಅಷ್ಟಿಷ್ಟು ಕಲಿತಿದ್ದೇವೆ. ಉಳಿದ ಮೂರು ಬಾಕಿ ಇವೆ.

ಪ್ರಿಯ ಓದುಗರೇ, ಬರುವ ಭಾನುವಾರ ಪೂಜೆ ಮುಗಿದ ಮೇಲೆ ಮನೆಗೆ ಹೊರಡುವ ಮುನ್ನ ಒಮ್ಮೆ ಹಿಂದಿರುಗಿ ನೋಡೋಣ. ಕೊನೆಯ ಬೆಂಚಿನ ಹಿಂದೆ ನಿಂತವರಲ್ಲಿ ಒಬ್ಬರ ಬಳಿಗೆ ಹೋಗಿ ಹೆಸರು ಕೇಳೋಣ, ಊರು ಕೇಳೋಣ, ಊಟವಾಯಿತೇ ಎಂದು ಕೇಳೋಣ. ನಮ್ಮ ಅಜ್ಜ ಅಜ್ಜಿಯರು ಈ ನಗರಕ್ಕೆ ಬಂದ ಮೊದಲ ಭಾನುವಾರ ಯಾರೋ ಒಬ್ಬರು ಅವರನ್ನೂ ಹಾಗೆ ಕೇಳಿರಬೇಕು. ಕೇಳಿದ್ದರಿಂದಲೇ ಅವರು ಉಳಿದರು. ಅವರು ಉಳಿದದ್ದರಿಂದಲೇ ನಾವು ಇಲ್ಲಿದ್ದೇವೆ.