ಅಪ್ಪ ಹಾರಿಸಿದ ಪುಟಗಳು

'ದಿ ಪ್ರಿನ್ಸೆಸ್ ಬ್ರೈಡ್' ಅಂದ ಕೂಡಲೇ ಎಲ್ಲರೂ ಸಿನಿಮಾ ಬಗ್ಗೆಯೇ ಶುರು ಹಚ್ಚಿಕೊಳ್ಳುತ್ತಾರೆ. 1987ರಲ್ಲಿ ರಾಬ್ ರೈನರ್ ಮಾಡಿದ ಆ ಸಿನಿಮಾ ಚೆನ್ನಾಗಿಯೇ ಇದೆ, ನನ್ನ ತಕರಾರಿಲ್ಲ. ಆದರೆ "ಕಥೆ ಗೊತ್ತಾಯ್ತಲ್ಲ, ಇನ್ನು ಪುಸ್ತಕ ಯಾಕೆ" ಅನ್ನುವವರನ್ನು ಕಂಡರೆ ಸ್ವಲ್ಪ ಉರಿಯುತ್ತದೆ. ವಿಲಿಯಂ ಗೋಲ್ಡ್‌ಮನ್ 1973ರಲ್ಲಿ ಬರೆದ ಆ ಕಾದಂಬರಿಯಲ್ಲಿ ಕಥೆ ಅನ್ನೋದು ಅರ್ಧ ಮಾತ್ರ ಮಾರಾಯ್ರೆ.

ಗೊತ್ತಿಲ್ಲದವರಿಗೆ ಆ ಅರ್ಧವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಫ್ಲೋರಿನ್ ಅನ್ನುವ ಇಲ್ಲದ ದೇಶದಲ್ಲಿ ಬಟರ್‌ಕಪ್ ಅಂತ ಒಬ್ಬ ಚೆಲುವೆ. ಬುದ್ಧಿ ಸ್ವಲ್ಪ ಕಮ್ಮಿ. ಅವಳ ಮನೆಯ ಆಳು ವೆಸ್ಟ್ಲಿ. ಇಬ್ಬರಿಗೂ ಪ್ರೀತಿ ಅಂತ ಅರ್ಥವಾಗುವ ಹೊತ್ತಿಗೆ ಅವನು ಸಂಪಾದನೆಗೆ ಹಡಗು ಹತ್ತುತ್ತಾನೆ, ಕಡಲ್ಗಳ್ಳರು ಕೊಂದರಂತೆ ಅಂತ ಸುದ್ದಿ ಬರುತ್ತದೆ. ಬೇಟೆ ಬಿಟ್ಟರೆ ಬೇರೇನೂ ಬೇಡದ ರಾಜಕುಮಾರ ಹಂಪರ್‌ಡಿಂಕ್ ಅವಳನ್ನು ಮದುವೆಗೆ ಒಪ್ಪಿಸುತ್ತಾನೆ. ಆಮೇಲೆ ಅಪಹರಣ, ಕತ್ತಿವರಸೆ, ವಿಷದ ಪಂದ್ಯ, ಸತ್ತವನನ್ನು ಎಬ್ಬಿಸುವ ಮಾತ್ರೆ... ಎಲ್ಲ ಇದೆ.

ಆದರೆ ಪುಸ್ತಕ ಶುರುವಾಗುವುದು ಇಲ್ಲಿಂದಲ್ಲ. ಇದು ನಾನು ಬರೆದದ್ದೇ ಅಲ್ಲ ಅಂತ ಗೋಲ್ಡ್‌ಮನ್ ಮೊದಲೇ ಹೇಳಿಬಿಡುತ್ತಾನೆ. ಎಸ್. ಮಾರ್ಗನ್‌ಸ್ಟರ್ನ್ ಅನ್ನುವ ಫ್ಲೋರಿನ್ ದೇಶದ ದೊಡ್ಡ ಸಾಹಿತಿ ಬರೆದ ಗ್ರಂಥವಂತೆ. ತಾನು ಹತ್ತು ವರ್ಷದವನಾಗಿದ್ದಾಗ ನ್ಯುಮೋನಿಯಾ ಬಂದು ಮಲಗಿದ್ದೆ, ಆಗ ಅಪ್ಪ ಹಾಸಿಗೆ ಪಕ್ಕ ಕೂತು ಓದಿ ಹೇಳಿದ ಅನ್ನುತ್ತಾನೆ. ಅಪ್ಪ ಫ್ಲೋರಿನ್‌ನಿಂದ ಅಮೆರಿಕಕ್ಕೆ ಬಂದ ಕ್ಷೌರಿಕ, ಇಂಗ್ಲಿಷ್ ಸರಿಯಾಗಿ ಬಾರದು. ಮುಂದೆ ತನ್ನ ಮಗನಿಗೂ ಅದೇ ಪುಸ್ತಕ ಹುಡುಕಿಸಿ ಕೊಟ್ಟರೆ, ಮಗ ಮೊದಲ ಅಧ್ಯಾಯಕ್ಕೇ ಸುಸ್ತು! ಏನಪ್ಪಾ ಅಂತ ತೆರೆದು ನೋಡಿದರೆ ಪುಟಗಟ್ಟಲೆ ರಾಜವಂಶದ ಇತಿಹಾಸ, ಪುಟಗಟ್ಟಲೆ ಪೆಟ್ಟಿಗೆ ಕಟ್ಟುವ-ಬಿಚ್ಚುವ ವರ್ಣನೆ. ಅಪ್ಪ ಅದನ್ನೆಲ್ಲ ಹಾರಿಸಿ, ರುಚಿಯಾದ್ದನ್ನಷ್ಟೇ ಓದಿದ್ದ. ಹಾಗಾಗಿ ಇದು ಆ ರುಚಿಯಾದ ಭಾಗಗಳಷ್ಟೇ ಇರುವ ಸಂಗ್ರಹ. ನಡುನಡುವೆ ಬಂದು "ಇಲ್ಲಿ ಇಷ್ಟು ಪುಟ ಕತ್ತರಿಸಿದ್ದೇನೆ, ಯಾಕಂದರೆ..." ಅಂತ ಬೇರೆ ಸಮಜಾಯಿಷಿ.

ಇದೆಲ್ಲ ಶುದ್ಧ ಸುಳ್ಳು. ಮಾರ್ಗನ್‌ಸ್ಟರ್ನ್ ಇಲ್ಲ, ಫ್ಲೋರಿನ್ ಇಲ್ಲ, ಗಂಡುಮಗನೂ ಇಲ್ಲ. ಇದ್ದದ್ದು ಇಬ್ಬರು ಹೆಣ್ಣುಮಕ್ಕಳು. ಯಾವ ಕಥೆ ಬೇಕು ಅಂದಾಗ ಒಬ್ಬಳು ರಾಜಕುಮಾರಿ ಅಂದಳಂತೆ, ಇನ್ನೊಬ್ಬಳು ಮದುಮಗಳು ಅಂದಳಂತೆ. ಎರಡೂ ಸೇರಿ ಹೆಸರಾಯಿತು. ಪ್ರೇಮಿಗಳು ಮತ್ತೆ ಸೇರುವ ದೃಶ್ಯವನ್ನು ಬಿಟ್ಟಿದ್ದೇನೆ, ಬೇಕಾದವರು ಪ್ರಕಾಶಕರಿಗೆ ಬರೆಯಿರಿ ಅಂತ ಪುಸ್ತಕದಲ್ಲೇ ಇದೆ. ಬರೆದವರಿಗೆ ಸಿಕ್ಕಿದ್ದು ದೃಶ್ಯವಲ್ಲ, ಮಾರ್ಗನ್‌ಸ್ಟರ್ನ್ ಕಡೆಯವರ ವಕೀಲರು ಹೇಗೆ ಅಡ್ಡಗಾಲು ಹಾಕಿದ್ದಾರೆ ಅನ್ನುವ ಉದ್ದದ ಪತ್ರ :-)

ಇದನ್ನೆಲ್ಲ ಓದುವಾಗ ನಮ್ಮ ಮುದ್ದಣ ನೆನಪಾಗದೆ ಇರುತ್ತಾನೆಯೇ? ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತಾನೇ ಬರೆದದ್ದನ್ನು ಹಳೆಯ ಕಾವ್ಯ ಸಿಕ್ಕಿತು ಅಂತ ಮೈಸೂರಿಗೆ ಕಳಿಸಿದ ಪುಣ್ಯಾತ್ಮ. 'ಶ್ರೀರಾಮಾಶ್ವಮೇಧ'ದಲ್ಲಿ ನಮಗೆ ರಾಮನ ಕುದುರೆಗಿಂತ ನೆನಪಿರುವುದು ಮುದ್ದಣ-ಮನೋರಮೆಯರ ಮಾತು ತಾನೆ? ಅವನು ಸಂಸ್ಕೃತದ ಭಾರೀ ಸಮಾಸ ಎತ್ತಿದ ಕೂಡಲೇ ಅವಳು ತಡೆಯುತ್ತಾಳೆ, ಛೇಡಿಸುತ್ತಾಳೆ, ನನಗೆ ತಿಳಿಯುವ ಹಾಗೆ ಹೇಳು ಅನ್ನುತ್ತಾಳೆ. ಗೋಲ್ಡ್‌ಮನ್‌ಗಿಂತ ಮುಕ್ಕಾಲು ಶತಮಾನ ಮೊದಲೇ! ಮನೋರಮೆಯ ಮಾತನ್ನು ಕಿತ್ತು ಹಾಕಿ ಬರೀ ಅಶ್ವಮೇಧ ಓದಿ ಅಂದರೆ ನಾವು ಒಪ್ಪುತ್ತೇವಾ? ಬರೀ ಸಿನಿಮಾ ಕಥೆ ಸಾಕು ಅನ್ನುವವರಿಗೆ ನನ್ನ ಪ್ರಶ್ನೆಯೂ ಅದೇ.

ಸಿನಿಮಾದಲ್ಲೂ ಓದಿ ಹೇಳುವ ಅಜ್ಜ, ಕೇಳುವ ಮೊಮ್ಮಗ ಇದ್ದಾರಲ್ಲ ಅನ್ನಬಹುದು. ಇದ್ದಾರೆ, ಮುದ್ದಾಗಿಯೂ ಇದ್ದಾರೆ. ಆದರೆ ಅಪ್ಪ ಹೋಗಿ ಅಜ್ಜ ಬಂದದ್ದರಲ್ಲಿ ಏನೋ ಕಳೆದುಹೋಯಿತು. ಗೋಲ್ಡ್‌ಮನ್‌ನ ನಿಜವಾದ ಅಪ್ಪ ಕ್ಷೌರಿಕನಲ್ಲ, ಷಿಕಾಗೋದ ವ್ಯಾಪಾರಿ. ಕುಡಿತದಿಂದ ವ್ಯಾಪಾರ ಹೋಯಿತು, ಮನೆ ಹಿಡಿದು ಕೂತ, ಕೊನೆಗೆ ಆತ್ಮಹತ್ಯೆ ಮಾಡಿಕೊಂಡ. ಅದನ್ನು ಮೊದಲು ಕಂಡವನು ಹದಿನೈದು ವರ್ಷದ ವಿಲಿಯಂ. ಇದು ತಿಳಿದ ಮೇಲೆ ಆ ಮುನ್ನುಡಿಯನ್ನು ಇನ್ನೊಮ್ಮೆ ಓದಿ ನೋಡಿ. ರಾತ್ರಿ ಹಾಸಿಗೆ ಪಕ್ಕ ಕೂತು, ತಡವರಿಸುತ್ತ, ಬೇಡದ್ದನ್ನೆಲ್ಲ ಹಾರಿಸಿ ಓದುವ ಅಪ್ಪ. ಸುಮ್ಮನೆ ತಮಾಷೆಗೆ ಸೃಷ್ಟಿಸಿದ ಪಾತ್ರ ಅಂತ ನನಗಂತೂ ಅನ್ನಿಸುವುದಿಲ್ಲ. ಊಹೆಯೇ ಇರಬಹುದು, ಆದರೆ ಬಿಡಲಾಗದ ಊಹೆ.

ಇನಿಗೊ ಮಾಂಟೊಯಾನ ಕಥೆಗೂ ಆಗ ಬೇರೆಯೇ ಭಾರ ಬರುತ್ತದೆ. ಸಿನಿಮಾದಲ್ಲಿ ಅವನ ಹಿಂದಿನ ಕಥೆ ಎರಡು ಮಾತಲ್ಲಿ ಮುಗಿಯುತ್ತದೆ. ಪುಸ್ತಕದಲ್ಲಿ ಅವನ ಅಪ್ಪ ಡೊಮಿಂಗೊ ಆರು ಬೆರಳಿನ ಶ್ರೀಮಂತನಿಗಾಗಿ ಕತ್ತಿ ಮಾಡುವ ಇಡೀ ವರ್ಷವನ್ನು ನಾವೂ ಆ ಕುಲುಮೆಯಲ್ಲಿ ಕಳೆಯುತ್ತೇವೆ. ಮಾತಿಗೆ ತಪ್ಪಿದ ಆ ಶ್ರೀಮಂತ ಅವನನ್ನು ಕೊಂದಾಗ ಹುಡುಗನ ವಯಸ್ಸು ಹತ್ತು. ನ್ಯುಮೋನಿಯಾ ಹುಡುಗನಿಗೂ ಹತ್ತೇ, ಗಮನಿಸಿ. ಫೆಜಿಕ್‌ನದೂ ಹಾಗೇ: ದೈತ್ಯ ದೇಹದ ಮಗನನ್ನು ಕುಸ್ತಿ ಅಖಾಡಕ್ಕೆ ತಳ್ಳುವ ಅಪ್ಪ-ಅಮ್ಮ, ಸುಲಭವಾಗಿ ಗೆದ್ದ ಅಂತ ಬಯ್ಯುವ ಜನ, ಅವನಿಗೋ ಒಂಟಿತನದ ಭಯ. ನಗಿಸುತ್ತಲೇ ಇದನ್ನೆಲ್ಲ ಹೇಳಿಬಿಡುತ್ತಾನೆ.

ಕೊನೆಯಲ್ಲಿ ನಾಲ್ವರೂ ಬಿಳಿ ಕುದುರೆಗಳ ಮೇಲೆ ಪಾರಾಗುತ್ತಾರೆ. ಅಪ್ಪ ಅಲ್ಲಿಗೆ ಸುಖಾಂತ ಅಂತ ನಿಲ್ಲಿಸಿದ್ದ. ಮಗ ದೊಡ್ಡವನಾಗಿ ಮೂಲ ತೆರೆದಾಗ ಇನ್ನೂ ಕೆಲವು ಸಾಲು ಇವೆ: ಇನಿಗೊನ ಗಾಯ ಮತ್ತೆ ಬಿಚ್ಚಿಕೊಂಡಿತು, ವೆಸ್ಟ್ಲಿ ಮತ್ತೆ ಕುಸಿದ, ಫೆಜಿಕ್ ದಾರಿ ತಪ್ಪಿದ, ಬಟರ್‌ಕಪ್‌ಳ ಕುದುರೆಯ ಲಾಳ ಕಳಚಿತು, ಹಿಂದೆ ಬೆನ್ನಟ್ಟಿ ಬರುವವರ ಸದ್ದು. ಅಪ್ಪ ಹಾರಿಸಿದ್ದು ಬರೀ ಬೋರು ಪುಟಗಳನ್ನಲ್ಲ!

1998ರ ಆವೃತ್ತಿಯಲ್ಲಿ ಮುಂದಿನ ಕಥೆಯ ಒಂದು ಅಧ್ಯಾಯ ಸೇರಿಸಿದ. ಪೂರ್ತಿ ಪುಸ್ತಕ ಬರಲೇ ಇಲ್ಲ, 2018ರಲ್ಲಿ ತೀರಿಕೊಂಡ.

ಕನ್ನಡಕ್ಕೆ ತರಬೇಕಾದ ಪುಸ್ತಕ ಇದು. ಆದರೆ ಪದಕ್ಕೆ ಪದ ಇಟ್ಟರೆ ಕೆಡುತ್ತದೆ, ಆ ಅಪ್ಪ ಮೊದಲು ಕನ್ನಡದಲ್ಲಿ ತಡವರಿಸಬೇಕು. ನಿಮ್ಮಲ್ಲಿ ಯಾರಾದರೂ ಕೈ ಹಾಕುವುದಾದರೆ ಹೇಳಿ, ಕರಡು ತಿದ್ದಿಕೊಡಲು ನಾನು ತಯಾರು. ಪೆಟ್ಟಿಗೆ ಕಟ್ಟುವ ಪುಟಗಳು ಬೇಕು ಅನ್ನುವವರು ಮಾತ್ರ ಪ್ರಕಾಶಕರಿಗೇ ಬರೆದುಕೊಳ್ಳಿ ;-)