ಚೀಟಿ ಎತ್ತುವ ಹೊತ್ತು

ಕಲ್ಲು ಹೆಚ್ಚಿರುವ ನಾಡಿನಲ್ಲಿ ಚೇಳೂ ಹೆಚ್ಚು. ಮುದಗಲ್ಲಿನ ಕೋಟೆಯನ್ನು ನೋಡಲು ಬರುವವರು ಕಂದಕವನ್ನೂ ಬುರುಜುಗಳನ್ನೂ ಕಂಡು ಮೆಚ್ಚಿ ಹೋಗುತ್ತಾರೆ. ಬಂಡೆಗಳ ಸಂದಿಯಲ್ಲಿ, ಕುಳ್ಳಿನ ಬಣವೆಯ ಮರೆಯಲ್ಲಿ ವಾಸಿಸುವ ಕೆಂಪು ಚೇಳಿನ ಪರಿಚಯ ನಮ್ಮಂತಹ ನಿವಾಸಿಗಳಿಗೇ ಮೀಸಲು. ಕಳೆದ ಬೇಸಗೆಯ ಒಂದು ರಾತ್ರಿ ನೆರೆಮನೆಯ ಏಳು ವರ್ಷದ ಹುಡುಗನಿಗೆ ಅದು ಕುಟುಕಿತು. ಸ್ವಲ್ಪ ಹೊತ್ತಿನಲ್ಲಿ ಹುಡುಗನ ಅಳು ನಿಂತಿತು. ಮೈಯೆಲ್ಲ ಬೆವರಿ ಕೈಕಾಲು ತಣ್ಣಗಾದವು. ಮಂತ್ರ ಹಾಕುವವನನ್ನು ಕರೆತರಲು ಒಬ್ಬರು, ಜೀಪು ತರಲು ಮತ್ತೊಬ್ಬರು ಓಡಿದರು. ಜೀಪು ಮೊದಲು ಬಂದದ್ದು ಹುಡುಗನ ಪುಣ್ಯ. ಲಿಂಗಸುಗೂರು ದಾಟಿ ರಾಯಚೂರು ಮುಟ್ಟುವ ಹೊತ್ತಿಗೆ ಕೋಳಿ ಕೂಗಿತ್ತು. ಹುಡುಗ ಉಳಿದ, ಈಗ ನನ್ನ ಅಂಗಳದ ಬೇವಿನ ಮರಕ್ಕೆ ಅವನಿಂದ ಉಳಿಗಾಲವಿಲ್ಲ.

ಮೊನ್ನೆ ವೈದ್ಯಮಿತ್ರರೊಬ್ಬರು ಒಂದು ಕರಡನ್ನು ಕಳುಹಿಸಿ, ಅದರ ಕನ್ನಡವನ್ನು ತಿದ್ದಿಕೊಡಬೇಕೆಂದು ಕೇಳಿದರು. ಮಕ್ಕಳ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮುಂದೆ ನಡೆಸಬೇಕೆಂದು ಅವರು ಬಯಸಿರುವ ಸಂಶೋಧನೆಗೆ ತಾಯ್ತಂದೆಯರ ಒಪ್ಪಿಗೆ ಪಡೆಯುವ ಪತ್ರವದು. 'ಯಾದೃಚ್ಛಿಕ ವಿಂಗಡಣೆ' ಎಂಬ ಪದವನ್ನು ಕಂಡು, ಕಾಗುಣಿತ ಸರಿಯಾಗಿದೆಯಲ್ಲಾ ಎಂದು ಹಿಗ್ಗಿದೆ. ಆಮೇಲೆ ಯಾಕೋ ನೆರೆಮನೆಯ ತಂದೆಯ ನೆನಪಾಯಿತು. ಕರೆದು ಕೂರಿಸಿ ಓದತೊಡಗಿದೆ. ಮೂರು ಸಾಲು ಮುಗಿಯುವುದರೊಳಗೆ ಅವನು ವಿನಯದಿಂದಲೇ, "ಸರ, ಕನ್ನಡದಾಗ ಓದ್ರಲ್ಲ" ಎಂದ. ಕನ್ನಡ ಎಂ.ಎ. ಪದವೀಧರನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ?

ಪುಸ್ತಕ ಮುಚ್ಚಿಟ್ಟವನಂತೆ ಬಾಯಲ್ಲೇ ಹೇಳಿದೆ: ಚಿಕಿತ್ಸೆ ಎರಡು ಬಗೆ, ಯಾವುದು ಮೇಲೆಂಬುದು ಯಾರಿಗೂ ಖಚಿತವಿಲ್ಲ, ಯಾವ ಮಗುವಿಗೆ ಯಾವುದೆಂದು ಚೀಟಿ ಎತ್ತಿದಂತೆ ಗೊತ್ತುಮಾಡುತ್ತಾರೆ.

"ನನ್ನ ಮಗನ ಮ್ಯಾಲ ಚೀಟಿ ಎತ್ತತಾರೇನ್ರಿ?" ಎಂದು ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಡಾಕ್ಟರಿಗೇ ಗೊತ್ತಿಲ್ಲಂದ್ರ ನಾವು ಅಷ್ಟು ದೂರ ಯಾಕ ಹೋಗಬೇಕು?"

ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ರಕ್ತಸಂಚಾರ ಕುಗ್ಗಿದ ಮಗುವಿಗೆ ರಕ್ತನಾಳದ ಮೂಲಕ ದ್ರವವನ್ನು ಬೇಗ ಬೇಗನೆ ಏರಿಸಬೇಕೆಂಬುದು ಬಹುಕಾಲದಿಂದ ಪಠ್ಯಪುಸ್ತಕಗಳ ಮಾತಾಗಿತ್ತು. 2009ರಿಂದ 2011ರವರೆಗೆ ಕೀನ್ಯಾ, ಉಗಾಂಡ, ಟಾಂಜಾನಿಯಗಳ ಆಸ್ಪತ್ರೆಗಳಲ್ಲಿ ತೀವ್ರ ಜ್ವರದಿಂದ ಅಂತಹ ಸ್ಥಿತಿಗೆ ಬಂದ 3,141 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದರು. ದ್ರವವನ್ನು ವೇಗವಾಗಿ ಪಡೆದ ಮಕ್ಕಳಲ್ಲಿ ನಲವತ್ತೆಂಟು ಗಂಟೆಗಳೊಳಗೆ ನೂರಕ್ಕೆ ಹತ್ತೂವರೆಯಷ್ಟು ಮಂದಿ ತೀರಿಕೊಂಡರು. ಪಡೆಯದವರಲ್ಲಿ ನೂರಕ್ಕೆ 7.3. ಒಳ್ಳೆಯದನ್ನೇ ಬಯಸಿದ ಕೈಗಳು ಮಾಡುತ್ತಿದ್ದುದು ಇದು! ಎಷ್ಟು ಅನುಭವಿಯಾದ ವೈದ್ಯನೂ ಇದನ್ನು ಬರಿಗಣ್ಣಿನಿಂದ ಕಾಣಲಾರ. ಹೇಗೆ ಮಾಡಿದರೂ ನೂರರಲ್ಲಿ ತೊಂಬತ್ತರ ಆಸುಪಾಸು ಮಕ್ಕಳು ಬದುಕಿ ಮನೆಗೆ ಹೋಗುತ್ತಾರಲ್ಲ! ಚೀಟಿ ಎತ್ತಿದ್ದರಿಂದ ಮಾತ್ರ ತಿಳಿಯಿತು. ಅಲ್ಲಿ ಸಾವಕಾಶವಾಗಿ ವಿವರಿಸಲು ಸಮಯವಿಲ್ಲದೆಡೆ ಮೊದಲು ಬಾಯಿಮಾತಿನ ಸಮ್ಮತಿಯನ್ನಷ್ಟೇ ಪಡೆದು, ಬರಹದ ಒಪ್ಪಿಗೆಯನ್ನು ಆಮೇಲೆ ಕೇಳಿದರು. ಆ 'ಆಮೇಲೆ' ಬರುವ ಮುನ್ನವೇ ಮಗು ಹೋಗಿಬಿಟ್ಟರೆ ತಾಯಿಯ ಮುಂದೆ ಯಾವ ಮುಖದಿಂದ ಕಾಗದ ಹಿಡಿದು ನಿಲ್ಲುವುದು?

ಕೆಂಪು ಚೇಳಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಮಹಾರಾಷ್ಟ್ರದ ಮಹಾಡದಲ್ಲಿ ಹಿಮ್ಮತರಾವ್ ಬಾವಸ್ಕರರು ರಕ್ತದೊತ್ತಡಕ್ಕೆಂದು ಇದ್ದ ಪ್ರಾಜೋಸಿನ್ ಮಾತ್ರೆಯನ್ನು 1980ರ ದಶಕದಲ್ಲಿ ಚೇಳಿನ ವಿಷಕ್ಕೆ ಬಳಸಿ ಎಷ್ಟೋ ಜೀವಗಳನ್ನು ಉಳಿಸಿದರು. ಮುಂದೆ ಪ್ರತಿವಿಷವನ್ನು ಪರೀಕ್ಷಿಸುವಾಗ ಮಾತ್ರೆಯನ್ನು ಯಾರಿಂದಲೂ ತಪ್ಪಿಸುವಂತಿರಲಿಲ್ಲ. ಗುಣ ಕಂಡ ಮೇಲೆ ತಪ್ಪಿಸುವುದು ಪಾಪ. ಎಪ್ಪತ್ತು ರೋಗಿಗಳಿಗೂ ಮಾತ್ರೆ ಕೊಟ್ಟು, ಅರ್ಧ ಜನಕ್ಕೆ ಪ್ರತಿವಿಷವನ್ನೂ ಸೇರಿಸಿದರು. ಹತ್ತು ಗಂಟೆಗಳಲ್ಲಿ ಪೂರ್ಣ ಚೇತರಿಸಿಕೊಂಡವರು ಎರಡೂ ದೊರೆತ 35 ಮಂದಿಯಲ್ಲಿ 32, ಮಾತ್ರೆಯಷ್ಟೇ ದೊರೆತ 35 ಮಂದಿಯಲ್ಲಿ 8. ಇದು 2011ರಲ್ಲಿ ಪ್ರಕಟವಾಯಿತು. ಇಷ್ಟು ಸಣ್ಣ ಸಂಖ್ಯೆ ಸಾಕಾದದ್ದು ವ್ಯತ್ಯಾಸ ಅಷ್ಟು ದೊಡ್ಡದಿದ್ದುದರಿಂದ. ಸೂಕ್ಷ್ಮ ವ್ಯತ್ಯಾಸ ಹಿಡಿಯಲು ಸಾವಿರಾರು ಮಕ್ಕಳು ಬೇಕು. ಒಂದು ಆಸ್ಪತ್ರೆಗೆ ಅಷ್ಟು ಮಕ್ಕಳು ಎಲ್ಲಿಂದ ಬಂದಾರು? ಬರುವವರೂ ಅಪರಾತ್ರಿಯಲ್ಲಿ, ಕರ್ತವ್ಯದಲ್ಲಿ ಒಬ್ಬನೇ ವೈದ್ಯನಿರುವ ಹೊತ್ತಿನಲ್ಲಿ. ಅವನು ಸೂಜಿ ಹಿಡಿಯಬೇಕೋ, ಕಾಗದ ಓದಿ ತಿಳಿಸಬೇಕೋ?

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ ಏಳು ವರ್ಷ ತುಂಬಿದ ಮಗುವಿನ ಬಾಯಿಮಾತಿನ ಸಮ್ಮತಿಯನ್ನೂ ಕೇಳಬೇಕು. ನಿಯಮವೇನೋ ಉದಾತ್ತವಾದುದೇ. ನಮ್ಮ ಹುಡುಗನಿಗೂ ಏಳೇ. ಆದರೆ ಆ ರಾತ್ರಿ ಅವನು ಹೆತ್ತ ತಾಯಿಯ ಗುರುತು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

ಇಷ್ಟನ್ನೂ ನನಗೆ ತೋಚಿದಂತೆ ಅವನ ತಂದೆಗೆ ಹೇಳಿ, ಆ ರಾತ್ರಿ ಕೇಳಿದ್ದರೆ ಸಹಿ ಮಾಡುತ್ತಿದ್ದೆಯಾ ಎಂದೆ.

"ಹೊಲಾ ಬರಕೊಡು ಅಂದಿದ್ರೂ ಹೆಬ್ಬಟ್ಟು ಒತ್ತತಿದ್ದೆ, ಸರ. ಅದನ್ನ ಒಪ್ಪಿಗಿ ಅಂತಾರೇನ್ರಿ?"

"ಹಾಗಾದರೆ ಮರುದಿನ ಮತ್ತೊಮ್ಮೆ ಕೇಳಿದರೆ?"

ಅವನು ಬೇವಿನ ಮರದ ಕಡೆ ನೋಡಿದ. "ಕೂಸು ಕಣ್ಣು ಬಿಟ್ಟ ಮ್ಯಾಲ ಕೇಳಿದ್ರ, ಬ್ಯಾಡ ಅನ್ನಾಕೂ ಧೈರ್ಯ ಇರತಿತ್ತು. ಹೂಂ ಅಂತಿದ್ದೆನೋ ಏನೋ."

ಕರಡಿನಲ್ಲಿ 'ಯಾದೃಚ್ಛಿಕ' ಎಂಬುದನ್ನು ಹೊಡೆದುಹಾಕಿ 'ಚೀಟಿ ಎತ್ತಿದಂತೆ' ಎಂದು ಬರೆದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: "ನಾಳೆ ಬೆಳಿಗ್ಗೆ ಮತ್ತೆ ಬಂದು ಕೇಳುತ್ತೇವೆ, ಆಗ ನೀವು ಬೇಡವೆಂದರೆ ನಿಮ್ಮ ಮಗುವಿನ ಆರೈಕೆಯಲ್ಲಿ ಯಾವ ಕೊರತೆಯೂ ಆಗದು." ಭಾಷೆಯನ್ನಷ್ಟೇ ತಿದ್ದಲು ಹೇಳಿದ್ದ ಮಿತ್ರರು ಈ ಅಧಿಕಪ್ರಸಂಗಕ್ಕೆ ಏನೆನ್ನುವರೋ, ಉತ್ತರ ಇನ್ನೂ ಬಂದಿಲ್ಲ.